ಹಿಂಬದಿಯ ಮೆಟ್ಟಿಲಿಗೆ ಬೀಗ ಹಾಕಿಸಿದವರಿಗೆ

ವಲಯ ಕಚೇರಿಯ ಮುಖ್ಯಾಧಿಕಾರಿಗಳೇ,

ಕಳೆದ ತಿಂಗಳ ಮೊದಲ ಸೋಮವಾರ ಸಂಜೆ, ನಿಮ್ಮ ವಿಚಾರಣಾ ಕಿಟಕಿಗೆ ಹೊಸದಾಗಿ ಕೂರಿಸಿದ ಧ್ವನಿವರ್ಧಕವು, ನನ್ನ ತಮ್ಮ ಕುಡಿತ ಬಿಟ್ಟವರ ಸಭೆಗೆ ಹೋಗುತ್ತಾನೆಂಬ ಸಂಗತಿಯನ್ನು ನೀರಿನ ಬಿಲ್ ಕಟ್ಟಲು ನಿಂತಿದ್ದ ಇಡೀ ಸಾಲಿಗೆ ಸಾರಿತು. ಧ್ವನಿ ಬಹಳ ಸ್ಪಷ್ಟವಾಗಿತ್ತು. ಅಭಿನಂದನೆಗಳು.

ನಿಮ್ಮ ಕಟ್ಟಡದ ಮಾಳಿಗೆಯ ಕೊನೆಯ ಕೋಣೆಯಲ್ಲಿ ಪ್ರತಿ ಸೋಮವಾರ ಈ ಸಭೆ ನಡೆಯುತ್ತಿರುವುದು ನಿಮಗಿಂತ ಹಿಂದಿನ ಮೂವರು ಅಧಿಕಾರಿಗಳ ಕಾಲದಿಂದ. ಅವರಲ್ಲೊಬ್ಬರು ಕಡತ ತೆರೆಯುವುದಿರಲಿ, ಮಧ್ಯಾಹ್ನದ ಮೇಲೆ ಕಣ್ಣನ್ನೇ ತೆರೆಯುತ್ತಿರಲಿಲ್ಲ. ಆದರೂ ಹಿಂಬದಿಯ ಮೆಟ್ಟಿಲಿಗೆ ಬೀಗ ಬಿದ್ದಿರಲಿಲ್ಲ. ಏನೂ ಮಾಡದೆ ಸುಮ್ಮನಿರುವುದು ಎಂಥ ದೊಡ್ಡ ಜನಸೇವೆ ಎಂಬುದು ನೀವು ಬಂದ ಮೇಲೆ ನನಗೆ ಅರ್ಥವಾಯಿತು.

ಆ ಮೆಟ್ಟಿಲನ್ನು ಹುಡುಕಿದ ಕಥೆ ಕೇಳಿ. ವೈದ್ಯರು ತಮ್ಮನಿಗೆ "ಸಭೆಗೆ ಹೋಗಿ" ಎಂದರು. ಎಲ್ಲಿ ಎಂದರೆ ಅವರಿಗೂ ಗೊತ್ತಿರಲಿಲ್ಲ. ನಾನು ಔಷಧಿ ಅಂಗಡಿಗಳಲ್ಲಿ ವಿಚಾರಿಸಿ ಪತ್ತೆ ಹಚ್ಚಿ ಅವನನ್ನು ಕಳಿಸಿದೆ. ಮೊದಲ ದಿನ ಅವನು ಮೇಲೆ ಹತ್ತಲಾರದೆ, ಎದುರಿನ ಅಂಗಡಿಯ ಟೈರುಗಳನ್ನು ನೋಡುತ್ತ ನಿಂತುಬಿಟ್ಟ. ಕೆಳಗಿನ ಮೆಟ್ಟಿಲ ಮೇಲೆ ಒಬ್ಬ ನಿವೃತ್ತ ನರ್ಸ್ ಕೂತಿದ್ದರು. ಸಭೆಯವರೆಲ್ಲ ಅವರನ್ನು ಅತ್ತೆ ಎನ್ನುತ್ತಾರೆ. ಹೊಸಬರು ಹೀಗೆಯೇ ನಿಲ್ಲುತ್ತಾರೆಂದು ಬಲ್ಲ ಅವರ ಸೋಮವಾರದ ಕೆಲಸವೇ ಅಲ್ಲಿ ಕೂರುವುದು. "ಮೇಲೆ ಟೀ ಆರಿ ಹೋಗ್ತಿದೆ ಕಣಪ್ಪಾ. ಟೈರನ್ನ ಆಮೇಲೆ ಕೊಂಡ್ಕೊಳ್ಳುವಿಯಂತೆ" ಎಂದರು. ಹೆಸರು ಕೇಳಲಿಲ್ಲ, ಕಾರಣ ಕೇಳಲಿಲ್ಲ. ತಮ್ಮ ಹತ್ತಿದ. ಅಂದಿನಿಂದ ಕುಡಿದಿಲ್ಲ, ಒಂದು ವರ್ಷವಾಯಿತು.

ಇಷ್ಟು ಸುಲಭವಾಗಿ ಜನ ಒಳಗೆ ಬರುವುದನ್ನು ಯಾವ ದಕ್ಷ ಆಡಳಿತ ತಾನೇ ಸಹಿಸೀತು? ಭದ್ರತೆಯ ನೆಪದಲ್ಲಿ ನೀವು ಬೀಗ ಜಡಿಸಿದಿರಿ. ಮಾಳಿಗೆಯಲ್ಲಿ ಕದಿಯಲು ಯೋಗ್ಯವಾದದ್ದು ಏನಿದೆ, ಕಾಲು ಮುರಿದ ಕುರ್ಚಿಗಳೇ? ಈಗ ಮೇಲೆ ಹೋಗುವವರೆಲ್ಲ ಮುಂಬಾಗಿಲಿಗೆ ಬಂದು, ಕಿಟಕಿಯಲ್ಲಿ ಬಂದ ಕೆಲಸ ಹೇಳಬೇಕು. ಆ ಸೋಮವಾರ ನನ್ನ ತಮ್ಮ ಗಾಜಿನ ತೂತಿಗೆ ಬಾಯಿಟ್ಟು ಮೆಲ್ಲಗೆ ಹೇಳಿದ. ಗಾಜಿನಾಚೆಯ ಗುಮಾಸ್ತರ ದನಿ ಧ್ವನಿವರ್ಧಕದಲ್ಲಿ ಮೊಳಗಿತು:

"ಏನು? ಜೋರಾಗಿ ಹೇಳ್ರೀ!"

"ಸೋಮವಾರದ ಸಭೆ, ಸಾರ್."

"ಯಾವ ಸಭೆ? ಹೊಲಿಗೆ ಕ್ಲಾಸಾ, ಕುಡಿತ ಬಿಡೋರದ್ದಾ?"

ತಮ್ಮ ತಲೆಯಾಡಿಸಿದ.

"ತಲೆ ಆಡ್ಸಿದ್ರೆ ನಂಗೇನ್ ಗೊತ್ತಾಗುತ್ತೆ? ಕುಡಿತದ್ದಾದ್ರೆ ಮಾಳಿಗೆ ಮೇಲೆ, ಎಡಗಡೆ ಕೊನೇ ರೂಮು! ಮುಂದೆ ಯಾರು?"

ಗುಮಾಸ್ತರನ್ನು ನಾನು ದೂರುವುದಿಲ್ಲ. ನಿಮ್ಮ ಕಚೇರಿಯಲ್ಲಿ ನಾಗರಿಕನೊಬ್ಬನಿಗೆ ಇಷ್ಟು ಬೇಗ, ಇಷ್ಟು ಖಚಿತ ಉತ್ತರ ಸಿಕ್ಕಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಸಾಲಿನಲ್ಲಿ ತಮ್ಮನ ಹಿಂದೆಯೇ ನಿಂತಿದ್ದವರು ಅವನ ಮೇಸ್ತ್ರಿ. ನನ್ನ ತಮ್ಮ ಎತ್ತರದ ಕಟ್ಟಡಗಳಿಗೆ ಬಣ್ಣ ಹೊಡೆಯುವವನು. ಮರುದಿನ ಸಾರವೆ ಹತ್ತಲು ಹೋದವನನ್ನು ಮೇಸ್ತ್ರಿ ತಡೆದರು: "ನೀನು ಕೆಳಗೇ ಇರಪ್ಪ, ಬಣ್ಣ ಕಲಸು. ಮೇಲೆ ಕೈಗಿಯ್ ನಡುಗಿದ್ರೆ ನನ್ನ ತಲೆಗೆ ಬರುತ್ತೆ."

"ಅಣ್ಣಾ, ನಾನು ಬಿಟ್ಟು ವರ್ಷ ಆಯ್ತು."

"ಬಿಟ್ಟಿದ್ದಕ್ಕೇ ಹೇಳ್ತಿರೋದು. ನೀನು ಕುಡೀತಿದ್ದೆ ಅಂತ ನಂಗೆ ಮೊದ್ಲು ಗೊತ್ತಿತ್ತಾ?"

ಕುಡಿದು ಸಾರವೆ ಹತ್ತಿದ ವರ್ಷಗಳಲ್ಲಿ ಯಾರೂ ಅವನನ್ನು ಇಳಿಸಲಿಲ್ಲ. ಕುಡಿಯದೆ ಹತ್ತುವಾಗ ಇಳಿಸಿದರು. ಅದನ್ನೂ ನುಂಗಿಕೊಂಡಾನು. ನನ್ನ ನಿದ್ದೆ ಕೆಡಿಸಿರುವುದು ಬೇರೆ: ಅಂದಿನಿಂದ ಅವನು ಸಭೆಗೆ ಹೋಗಿಲ್ಲ. ಈ ಸೋಮವಾರವೂ ಅಂಗಿ ಬದಲಿಸಿ, ಬಾಗಿಲವರೆಗೆ ಹೋಗಿ, ತಿರುಗಿ ಬಂದು ಕೂತ. "ಸುಸ್ತಾಗಿದೆ ಅಕ್ಕಾ" ಎಂದ. ಆ ಸುಸ್ತು ಎಲ್ಲಿಗೆ ಹೊರಟ ಸುಸ್ತು ಎಂಬುದನ್ನು ಅವನನ್ನು ಹಲವು ಸಲ ರಸ್ತೆಯಿಂದ ಎಬ್ಬಿಸಿ ತಂದ ನಾನು ಬಲ್ಲೆ. ಅತ್ತೆ ಫೋನ್ ಮಾಡಿ, ಕುರ್ಚಿಗಳು ಅರ್ಧ ಖಾಲಿ, ಹೊಸಬರಂತೂ ಒಬ್ಬರೂ ಇಲ್ಲ ಎಂದರು. ನಿಮ್ಮ ವಾರ್ಷಿಕ ವರದಿಯಲ್ಲಿ ಇದನ್ನು ಕುಡುಕರ ಸಂಖ್ಯೆ ಇಳಿದಿದೆ ಎಂದು ಬರೆದುಕೊಳ್ಳುವಿರೋ ಏನೋ!

ಅದೇ ರಸ್ತೆಯ ಹೆಂಡದಂಗಡಿಯಲ್ಲಿ ಎರಡು ಬೆರಳು ಎತ್ತಿದರೆ ಸಾಕು, ಬಾಟಲಿ ಕೈಗೆ ಬರುತ್ತದೆ. ಅಲ್ಲಿ ಯಾರಾದರೂ "ಯಾಕೆ ಬಂದಿರಿ, ಜೋರಾಗಿ ಹೇಳಿ" ಎಂದು ಕೇಳುತ್ತಾರೆಯೇ? ಮರ್ಯಾದೆ ಎಂಬುದು ಕುಡಿಯುವವನಿಗೆ ಮಾತ್ರ ಮೀಸಲಾದ ಸವಲತ್ತೇ?

ನಾನು ನಿಮಗೆ ದೂರು ಕೊಟ್ಟೆ. "ಧ್ವನಿವರ್ಧಕವನ್ನು ತಂತ್ರಜ್ಞರಿಂದ ಪರೀಕ್ಷಿಸಲಾಗಿದ್ದು, ಯಾವುದೇ ದೋಷ ಕಂಡುಬಂದಿರುವುದಿಲ್ಲ" ಎಂದು ಉತ್ತರ ಬಂತು. ಅದರ ಉದ್ಘಾಟನೆಯ ದಿನ "ಇನ್ನು ಈ ಕಚೇರಿಯಲ್ಲಿ ಗುಟ್ಟೆಂಬುದೇ ಇರುವುದಿಲ್ಲ" ಎಂದು ನೀವು ಭಾಷಣ ಮಾಡಿದಾಗ ನಾನು ಸಭಿಕರಲ್ಲಿದ್ದೆ, ಚಪ್ಪಾಳೆಯನ್ನೂ ತಟ್ಟಿದ್ದೆ. ಗುತ್ತಿಗೆದಾರರ ಕಡತಗಳ ಬಗ್ಗೆ ಹೇಳುತ್ತಿದ್ದೀರಿ ಎಂದುಕೊಂಡಿದ್ದೆ. ಅವು ಇಂದಿಗೂ ಭದ್ರವಾಗಿವೆ.

ಇದನ್ನು ಪತ್ರಿಕೆಗೆ ಕಳಿಸುವ ಮೊದಲು ತಮ್ಮನನ್ನು ಕೇಳಿದೆ. "ಬರಿ ಅಕ್ಕಾ, ನಂದು ಇನ್ನೇನು ಮುಚ್ಚಿಡೋದಿದೆ? ಉಳಿದೋರ ಸುದ್ದಿ ಮಾತ್ರ ಎತ್ತಬೇಡ" ಎಂದ. ಹಾಗಾಗಿ ಎತ್ತಿಲ್ಲ. ಅತ್ತೆಯ ಬಗ್ಗೆ ಬರೆದದ್ದು ಅವರನ್ನು ಕೇಳಿಯೇ.

ಸೋಮವಾರ ಸಂಜೆ ಹಿಂಬದಿಯ ಬಾಗಿಲು ತೆರೆದಿರಲಿ. ಮೆಟ್ಟಿಲು ಹತ್ತುವವರನ್ನು ಯಾರೂ ಏನೂ ಕೇಳದಿರಲಿ. ನಾನು ಬಯಸುವುದು ಇಷ್ಟೇ. ಬರುವ ಸೋಮವಾರದೊಳಗೆ ಬೀಗ ತೆಗೆಯುತ್ತೀರೋ ಇಲ್ಲವೋ ಎಂಬುದನ್ನು ಇದೇ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ತಿಳಿಸಿ. ಇಲ್ಲ ಎಂದಾದರೆ, ಆ ಸಂಜೆ ನನ್ನ ತಮ್ಮ ಎಲ್ಲಿ ಕೂರಬೇಕೆಂಬುದನ್ನೂ ನಿಮ್ಮ ಸಹಿ ಹಾಕಿ ಬರೆಯಿರಿ.

ಇಂತಿ,
ಸೋಮವಾರ ಬಂತೆಂದರೆ ಹೆದರುವ
ಒಬ್ಬ ಅಕ್ಕ