ವೇಣೂರಿನಲ್ಲಿ ಅಂಚೆಗೆ ಹಾಕಿದ ಕಾಗದ

ಬಂಟ್ವಾಳ
೧೮ ಫೆಬ್ರವರಿ ೧೯೬೮

ವಿನೋದಾ,

ನಿನ್ನ ಕಾಗದ ಬುಧವಾರ ತಲುಪಿತು. ಏಪ್ರಿಲ್‌ನಲ್ಲಿ ಮಕ್ಕಳೊಂದಿಗೆ ಬರುತ್ತೀ, ಎರಡು ದಿನ ನನ್ನಲ್ಲೇ ಉಳಿಯುತ್ತೀ, ಅಣ್ಣನ ಮುಖ ಮಾತ್ರ ನೋಡುವುದಿಲ್ಲ ಎಂದಿದ್ದೀ. "ಚಾರ್ಮಾಡಿಯಲ್ಲಿ ನನ್ನ ಚೀಲ ಹಿಡಿದು ಎಳೆದವನು ಅವನು. ಆ ಚೀಲದೊಳಗೆ ಸರ್ಟಿಫಿಕೇಟ್ ಇಟ್ಟವಳು ನೀನು." ಈ ಎರಡು ಸಾಲುಗಳನ್ನು ಓದಿದ ಮೇಲೆ ಸುಮ್ಮನೆ 'ಬಾ' ಎಂದು ಬರೆಯಲು ನನ್ನಿಂದಾಗಲಿಲ್ಲ. ನಾವು ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಬಹಳಷ್ಟು ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಅದರ ನಡುವೆ ಇದೆ.

ಐವತ್ತೆಂಟರ ಕ್ರಿಸ್‌ಮಸ್ ರಜೆ. ಶಾಲೆಯಲ್ಲಿ ಟೀಚರುಗಳಾಗಿ ಗೈಡ್ ದಳ ನೋಡಿಕೊಳ್ಳುತ್ತಿದ್ದ ನಾವಿಬ್ಬರೂ ಒಂದು ದೀರ್ಘ ನಡಿಗೆ ಮಾಡಿ ದಿನಚರಿ ಬರೆದೊಪ್ಪಿಸಬೇಕಿತ್ತು. ಬೇರೆ ಶಾಲೆಯವರು ಎರಡು ದಿನ ನಡೆದು ಮುಗಿಸಿದರು. ಏಳು ದಿನ ಎಂದವಳು ನೀನು. ಫರಂಗಿಪೇಟೆಯಿಂದ ಪೊಳಲಿ, ಮೂಡುಬಿದಿರೆ, ವೇಣೂರು, ಬೆಳ್ತಂಗಡಿ, ಕೊನೆಗೆ ಘಾಟಿಯ ಬುಡದ ಚಾರ್ಮಾಡಿ. ಆರು ತಿಂಗಳು ಸಂಜೆಯೆಲ್ಲ ನಕ್ಷೆ ಬರೆದೆವು. ಅಲ್ಲಿಯವರೆಗೆ ಯಾರೂ ನನ್ನೊಡನೆ ಏನನ್ನೂ ಹಾಗೆ ಯೋಚಿಸಿ ಮಾಡಿದ್ದಿಲ್ಲ. ಇದನ್ನು ನೆನಪಿಟ್ಟುಕೋ. ಇದು ಸಮರ್ಥನೆಯಲ್ಲ, ಕಾರಣ.

ಚೀಲಗಳು ಮಂಗಳೂರಿನಲ್ಲಿ ಕೊಂಡ ಹಳೆಯ ಮಿಲಿಟರಿ ಚೀಲಗಳು. ನನ್ನದರಲ್ಲಿ ಅಕ್ಕಿ, ಪಾತ್ರೆ, ಉಪ್ಪಿನಕಾಯಿ ಭರಣಿ. ನಿನ್ನದರಲ್ಲಿ ಬಟ್ಟೆ, ಹಗ್ಗ, ಔಷಧಿ. ನಿನ್ನ ಚೀಲದಲ್ಲಿ ಏಳು ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಸೀರೆಗಳಿದ್ದವು. ನೋಡಿದೆ, ಕೇಳಲಿಲ್ಲ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಕ್ಯಾನ್ವಾಸ್ ಬೂಟು ಹಾಕಿ ನಡೆಯುತ್ತಿದ್ದ ನಮ್ಮನ್ನು ಪೊಳಲಿಯಲ್ಲಿ ಜನ ನಿಂತು ನೋಡಿದರು.

ಎರಡನೆಯ ದಿನಕ್ಕೇ ಎಲ್ಲವೂ ಅಭ್ಯಾಸವಾಯಿತು. ಬೆಳಕು ಹರಿಯುವಾಗ ಎದ್ದು ಮೂರು ಕಲ್ಲಿಟ್ಟು ಗಂಜಿ ಬೇಯಿಸುವುದು. ಬಿಸಿಲು ಏರುವ ಮುಂಚೆ ಎರಡು ಹರದಾರಿ. ನಡೆಯುವಾಗ ಮಾತಿಲ್ಲ, ನಿನ್ನ ಹಿಮ್ಮಡಿ ನೋಡುತ್ತ ನಾನು ಹಿಂದೆ. ಮಧ್ಯಾಹ್ನ ಯಾರದಾದರೂ ಬಾವಿಕಟ್ಟೆ. ಒದ್ದೆ ಸೀರೆಯನ್ನು ಚೀಲದ ಮೇಲೆ ಹರವಿಕೊಂಡು ನಡೆದರೆ ಸಂಜೆಗೆ ಒಣಗುತ್ತಿತ್ತು. ಕತ್ತಲಾಗುವುದರೊಳಗೆ ಒಂದು ಶಾಲೆಯ ಜಗಲಿ, ಕಾಲಿಗೆ ತೆಂಗಿನೆಣ್ಣೆ, ದಿನಚರಿಗೆ ಹತ್ತು ಸಾಲು.

ಮೂಡುಬಿದಿರೆ ದಾಟಿದ ಮೇಲೆ ಐಸಮ್ಮ ಎಂಬಾಕೆ ನಮ್ಮನ್ನು ಅಂಗಳಕ್ಕೆ ಕರೆದು ಮಜ್ಜಿಗೆ ಕೊಟ್ಟದ್ದು ನೆನಪಿದೆಯೇ? "ಬಸ್ಸು ಉಂಟಲ್ಲ ಮಾರಾಯ್ತಿ, ನಡೆಯುವುದು ಯಾಕೆ? ಹರಕೆಯಾ?" ಎಂದು ಕೇಳಿದರು. "ಹರಕೆಯೇ" ಎಂದೆ ನೀನು. ನಾನು ತಮಾಷೆ ಎಂದುಕೊಂಡು ನಕ್ಕೆ.

ಮೂರನೆಯ ಸಂಜೆ ವೇಣೂರು. ನನ್ನ ಬಲಗಾಲಿನ ಗುಳ್ಳೆ ಒಡೆದಿತ್ತು. ಫಲ್ಗುಣಿ ನದಿಯ ನೀರಿನಲ್ಲಿ ಕಾಲಿಟ್ಟು ಕುಳಿತಿದ್ದಾಗ ನೀನು ಹೇಳಿದೆ. ಮಾವನ ಮಗನೊಂದಿಗೆ ಮದುವೆ ನಿಶ್ಚಯವಾಗಿದೆ. ಚಾರ್ಮಾಡಿಯಿಂದ ನೀನು ಹಿಂದೆ ಬರುವುದಿಲ್ಲ. ಘಾಟಿ ಹತ್ತುವ ಬಸ್ಸು ಹಿಡಿದು ಮೈಸೂರಿಗೆ ಹೋಗಿ ನರ್ಸ್ ತರಬೇತಿಗೆ ಸೇರುತ್ತೀ. ಸರ್ಟಿಫಿಕೇಟ್ ಮಾವನ ಪೆಟ್ಟಿಗೆಯಲ್ಲಿ ಬೀಗದೊಳಗಿದೆ. "ಅಲ್ಲಿ ಕಾಲು ಹಿಡಿದಾದರೂ ಸೇರಿಕೊಳ್ತೇನೆ. ಬೇರೆ ಯಾವ ನೆವಕ್ಕೂ ಮನೆಯಿಂದ ಬಿಡ್ತಿರಲಿಲ್ಲ. ನೀನು ಜೊತೆಗಿದ್ದೀ ಅಂತ ಬಿಟ್ರು."

ನಾನು "ಆಗಲಿ" ಎಂದೆ. ನೀನು ನನ್ನ ಕೈ ಹಿಡಿದುಕೊಂಡೆ. ಆ ಹೊತ್ತಿನಲ್ಲಿ ನನಗೆ ನಿನ್ನ ಭಯ ಕಾಣಲಿಲ್ಲ. ಕಂಡದ್ದು ಆರು ತಿಂಗಳ ನಕ್ಷೆ. ನಮ್ಮ ನಡಿಗೆ ಎಂದುಕೊಂಡದ್ದು ನಿನ್ನ ದಾರಿಯಾಗಿತ್ತು. ನಾನು ಅದರ ನೆವ.

ಕಾಲು ಮಾಯಲೆಂದು ಮರುದಿನ ಅಲ್ಲೇ ಉಳಿದೆವು. ನೀನು ಬಟ್ಟೆ ಒಗೆಯಲು ನದಿಗೆ ಹೋದಾಗ ನಾನು ಕುಂಟುತ್ತ ಅಂಚೆ ಕಚೇರಿಗೆ ಹೋದೆ. ನಿನ್ನ ಅಣ್ಣ ಅಣ್ಣು ಶೆಟ್ಟರ ಹೆಸರಿಗೆ ಒಂದು ಕಾಗದ ಬರೆದೆ. ಇಂಥ ದಿನ ಚಾರ್ಮಾಡಿಯಿಂದ ಬಸ್ಸು ಹತ್ತುತ್ತಾಳೆ, ನರ್ಸ್ ತರಬೇತಿಗೆ ಹೋಗುತ್ತಾಳೆ, ಸರ್ಟಿಫಿಕೇಟ್ ಸಹ ಇಲ್ಲ, ತಿಳಿಸುವುದು ನನ್ನ ಕರ್ತವ್ಯ. 'ಕರ್ತವ್ಯ' ಎಂಬುದು ಸುಳ್ಳು. ನೀನು ಹೋಗಬಾರದೆಂದಿತ್ತು, ಅಷ್ಟೆ. ಡಬ್ಬಿಗೆ ಹಾಕಿದ ಮೇಲೂ ಕಾಗದವನ್ನು ವಾಪಸು ಕೇಳಬಹುದಿತ್ತು. ಪೋಸ್ಟ್ ಮಾಸ್ತರರು ಒಳಗೇ ಇದ್ದರು. ಕೇಳಲಿಲ್ಲ.

ಅಲ್ಲಿಂದ ಮೂರು ದಿನ ನಡೆದೆವು. ಬೆಳ್ತಂಗಡಿಯಲ್ಲಿ ನೀನು ನನ್ನ ಚೀಲದ ಅಕ್ಕಿಯನ್ನು ನಿನ್ನ ಚೀಲಕ್ಕೆ ಸುರಿದುಕೊಂಡೆ, ನನ್ನ ಕಾಲಿಗೆ ಹಗುರವಾಗಲೆಂದು. ನಾನು ಬೇಡವೆನ್ನಲಿಲ್ಲ.

ಚಾರ್ಮಾಡಿಯಲ್ಲಿ ಏಳನೆಯ ದಿನ ಮಧ್ಯಾಹ್ನ ನಿನ್ನ ಅಣ್ಣ ಕೆಳಗಿನಿಂದ ಬಂದ ಬಸ್ಸಿನಿಂದ ಇಳಿದರು. ಘಾಟಿಯ ಬಸ್ಸು ಹೊರಡುವುದರಲ್ಲಿತ್ತು. ನೀನು ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಅವರು ಓಡಿ ಬಂದು ಹಿಂದಿನಿಂದ ಚೀಲ ಹಿಡಿದರು. "ಬಿಡು! ನಾನು ಬರುವುದಿಲ್ಲ! ಎಳೆದರೆ ಇಲ್ಲೇ ಚಕ್ರದ ಅಡಿಗೆ ಬೀಳ್ತೇನೆ!" ಎಂದು ನೀನು ತುಳುವಿನಲ್ಲಿ ಕಿರುಚಿದೆ. ಜನ ಸೇರಿದರು. ಕಂಡಕ್ಟರ್ ಸೀಟಿ ಊದಿದ. ಅವರು ಕೈಬಿಟ್ಟರು. ಮಾನಕ್ಕೆ ಹೆದರಿ ಬಿಟ್ಟರೆಂದು ನೀನು ತಿಳಿದೆ. ನಾನೂ ಹಾಗೆಯೇ ತಿಳಿದೆ.

ಹಿಂದಿರುಗುವ ಬಸ್ಸಿನಲ್ಲಿ ಅವರು ನನ್ನ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಉಜಿರೆ ದಾಟಿದ ಮೇಲೆ ತಿರುಗಿ, "ಟೀಚರೇ, ಪಕ್ಕದ ಕಿಸೆಗೆ ಹಾಕಿದ್ದೇನೆ. ದಾರಿಯಲ್ಲಿ ಬೀಳಲಿಕ್ಕಿಲ್ಲ ಅಲ್ವಾ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. "ಅವಳ ಸರ್ಟಿಫಿಕೇಟ್. ಮಾವನ ಪೆಟ್ಟಿಗೆಯಿಂದ ತೆಗೆದೆ. ಅದಿಲ್ಲದೆ ಅಲ್ಲಿ ಯಾರು ಸೇರಿಸಿಕೊಳ್ತಾರೆ?"

"ಅವಳಿಗೆ ಹೇಳಬಹುದಿತ್ತಲ್ಲ" ಎಂದೆ.

"ಹೇಳಲಿಕ್ಕೆ ಬಿಟ್ಟಳಾ?" ಎಂದು ನಕ್ಕರು. ಮತ್ತೆ, "ನೀವು ಬರೆದದ್ದು ದೊಡ್ಡ ಉಪಕಾರ ಆಯ್ತು. ಬರೆಯದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ" ಎಂದರು.

ನಾನು ಸಹಾಯಕ್ಕಾಗಿ ಬರೆದೆನೆಂದು ಅವರು ನಂಬಿದ್ದರು. ನಾನು ಕಿಟಕಿಯ ಹೊರಗೆ ನೋಡಿದೆ.

ಅವರು ಪಟ್ಟ ಪಾಡು ನಿನಗೆ ಗೊತ್ತಿಲ್ಲ. ಪೆಟ್ಟಿಗೆಯ ಬೀಗ ಒಡೆದದ್ದು ತಿಳಿದು ಮಾವ ಅವರನ್ನು ಮನೆಯಿಂದ ಹೊರಗೆ ಹಾಕಿದರು. ಅಳಿಯಸಂತಾನದ ಕಟ್ಟಿನಂತೆ ಮಾವನ ನಂತರ ಅವರಿಗೆ ಬರಬೇಕಾಗಿದ್ದ ಮನೆಯ ಯಜಮಾನಿಕೆ ಕಿರಿಯ ಅಳಿಯನಿಗೆ ಹೋಯಿತು. ಅವರು ಮೂಡುಬಿದಿರೆಗೆ ಹೋಗಿ ಒಂದು ಹೋಟೆಲಿನಲ್ಲಿ ದುಡಿದು, ಆಮೇಲೆ ತಮ್ಮದೇ ಸಣ್ಣದೊಂದನ್ನು ಇಟ್ಟರು. ವರ್ಷಕ್ಕೊಮ್ಮೆ ಶಾಲೆಯ ಕೆಲಸಕ್ಕೆ ಆ ಕಡೆ ಹೋದಾಗ ಸಿಗುತ್ತೇನೆ. "ಅವಳು ಸೌಖ್ಯ ಇದ್ದಾಳಾ?" ಎಂದು ಕೇಳುತ್ತಾರೆ. "ಇದ್ದಾಳೆ" ಎನ್ನುತ್ತೇನೆ. ವಿಳಾಸ ಕೊಡಲೇ ಎಂದು ಒಮ್ಮೆ ಕೇಳಿದೆ. "ಬೇಡ. ಅವಳಿಗೆ ಬೇಕಾದಾಗ ಅವಳೇ ಬರೀತಾಳೆ" ಎಂದರು.

ನೀನು ಮೈಸೂರಿನಿಂದ ಬರೆದ ಮೊದಲ ಕಾಗದದಲ್ಲೇ ಸರ್ಟಿಫಿಕೇಟಿಗೆ ಕೃತಜ್ಞತೆ ಹೇಳಿದ್ದೆ. ವೇಣೂರಿನಿಂದ ಯಾರಿಗೋ ಹೇಳಿ ಕಳಿಸಿ ನಾನೇ ಗುಟ್ಟಾಗಿ ತರಿಸಿ ಚೀಲಕ್ಕೆ ಹಾಕಿದೆನೆಂದು ಊಹಿಸಿದ್ದೆ ನೀನು. ನಾನು ಉತ್ತರದಲ್ಲಿ ಶಾಲೆಯ ಹೊಸ ಕಟ್ಟಡದ ಬಗ್ಗೆ ಬರೆದೆ. ಆ ದಿನ ಬರೆಯದ್ದನ್ನು ಮರುವರ್ಷ ಬರೆಯುವುದು ಇನ್ನಷ್ಟು ಕಷ್ಟ. ಹಾಗೆ ಒಂಬತ್ತು ವರ್ಷ. ಅಣ್ಣ ತಂಗಿಯರಿಬ್ಬರ ಉಪಕಾರಸ್ಮರಣೆಯನ್ನೂ ನಾನೊಬ್ಬಳೇ ತೆಗೆದುಕೊಂಡೆ. ಇದನ್ನು ಬರೆಯುವಾಗ ಅಳುತ್ತಿದ್ದೇನೆಂದು ತಿಳಿಯಬೇಡ. ಮಧ್ಯಾಹ್ನದ ಗಂಜಿ ಮುಗಿಸಿ, ಜಗಲಿಯಲ್ಲಿ ಕುಳಿತು, ನೆಟ್ಟಗಿನ ಅಕ್ಷರದಲ್ಲಿಯೇ ಬರೆಯುತ್ತಿದ್ದೇನೆ. ನಡೆದದ್ದು ನಡೆದ ಹಾಗೆ ನಿನಗೆ ತಿಳಿಯಬೇಕು. ಕ್ಷಮೆಯ ವಿಷಯ ನಿನಗೆ ಬಿಟ್ಟದ್ದು. ಅದಕ್ಕಾಗಿ ಉತ್ತರ ಬರೆಯಬೇಕೆಂದಿಲ್ಲ.

ಏಪ್ರಿಲ್‌ನಲ್ಲಿ ನನ್ನ ಮನೆಗೆ ಮೊದಲು ಬರಬೇಡ. ಮೂಡುಬಿದಿರೆಗೆ ಹೋಗು. ಬಸ್ ನಿಲ್ದಾಣದ ಎದುರು, ಹೆಂಚಿನ ಮಾಡು, ಹೊರಗೆ ಎರಡು ಬೆಂಚು. ಬೋರ್ಡು ಇಲ್ಲ, ಅಣ್ಣು ಶೆಟ್ಟರ ಹೋಟೆಲೆಂದರೆ ಯಾರಾದರೂ ತೋರಿಸುತ್ತಾರೆ. ಮಧ್ಯಾಹ್ನ ಎರಡರ ಮೇಲೆ ಗಿರಾಕಿಗಳಿರುವುದಿಲ್ಲ. ಮಕ್ಕಳನ್ನು ಮುಂದೆ ಬಿಡು. ಎರಡು ವರ್ಷದಿಂದ ಅವರಿಗೆ ಎಡಗಿವಿ ಕೇಳುವುದಿಲ್ಲ. ಬಲಗಡೆ ಕುಳಿತು ಮಾತಾಡು.

ನಿನಗೂ ನಿನ್ನ ಮಕ್ಕಳಿಗೂ ಒಳ್ಳೆಯದಾಗಲಿ.

ನಿನ್ನೊಂದಿಗೆ ಏಳು ದಿನ ನಡೆದವಳು,
ವಾರಿಜಾಕ್ಷಿ