ಹಾಸಿಗೆಯ ನಾಲ್ಕನೇ ಮೂಲೆ

ಕರುಣಕ್ಕಾ,

ಆರೂವರೆ ಬಸ್ಸಿಗೆ ಹಗರಿಬೊಮ್ಮನಹಳ್ಳಿ ಆಸ್ಪತ್ರೆಗೆ, ಜಂಬಕ್ಕನ ಹತ್ತಿರ ಹೋಗುತ್ತಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಲೆ ಬಿಸಿ ಮಾಡಿಕೋ. ಬಿಪಿ ಗುಳಿಗೆ ಮರೆಯಬೇಡ. ಅವಳ ಕುರಿಮರಿ ನಮ್ಮ ಹಿತ್ತಲಲ್ಲೇ ಇದೆ, ಬಯ್ಯದೆ ನೀರಿಡು.

ಅವಳಿಗೆ ಲಕ್ವ ಹೊಡೆದು ಇವತ್ತಿಗೆ ಒಂಬತ್ತು ದಿನ. ದಿನಾ ಪ್ರಾರ್ಥನೆಗೆ ಮೊಣಕಾಲೂರುತ್ತೇನೆ, ನನ್ನ ಬಾಯಿಂದ ಒಂದು ಮಾತು ಬರುವುದಿಲ್ಲ. ಅಳುವೂ ಇಲ್ಲ. ಹದಿನೆಂಟು ವರ್ಷ ಶಾಲೆಯ ಬಿಸಿಯೂಟದ ಡಬರಿಯನ್ನು ಆಚೆ ಅವಳು, ಈಚೆ ನಾನು ಹಿಡಿದು ಒಲೆಯಿಂದ ಇಳಿಸಿದವರು. ಈಗ ನನ್ನ ಕೈಯೂ ಮರದ ಹಾಗಾಗಿದೆ.

ಮೊನ್ನೆ ನೀನಂದೆ: “ಆಕಿ ಮೊದ್ಲು ಯೇಸುನ್ನ ನಂಬ್ಲಿ, ಕೈಯಾಗಿನ ದೇವಿ ದಾರ ಬಿಚ್ಚಲಿ. ಆಮ್ಯಾಲ ನಿನ್ನ ಪ್ರಾರ್ಥನಿ ಕೇಳ್ತಾನ ದೇವ್ರು.” ನಾನು ಪಾತ್ರೆ ತಿಕ್ಕಲು ಎದ್ದು ಹೋದೆ.

ಇವತ್ತು ಬೆಳಿಗ್ಗೆ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ಓದಿದೆ. ಲಕ್ವ ಹೊಡೆದವನನ್ನು ನಾಲ್ವರು ಹೊತ್ತು ತಂದು, ಮನೆಯ ಮಾಳಿಗೆ ಬಿಚ್ಚಿ, ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಸುತ್ತಾರಲ್ಲ, ಅದು. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ಮಲಗಿದವನನ್ನು ‘ನಂಬುತ್ತೀಯಾ’ ಎಂದು ಕೇಳದೆಯೇ ಎಬ್ಬಿಸಿ ನಡೆಸಿದ. ಆ ನಾಲ್ವರು ಒಂದು ಮಾತಾಡಿದರೆಂದೂ ಬರೆದಿಲ್ಲ. ಗೆರೆ ಹಾಕಿಟ್ಟಿದ್ದೇನೆ, ನೀನೇ ನೋಡು.

ದಾರ ಅವಳ ಕೈಯಲ್ಲೇ ಇರಲಿ. ನನಗಿನ್ನೂ ಮಾತು ಬಂದಿಲ್ಲ, ಆದರೆ ಹೊರುವುದು ಗೊತ್ತು.

ಹಾಸಿಗೆಗೆ ನಾಲ್ಕು ಮೂಲೆ. ಅವಳ ಗಂಡ ಓಬಳೇಶಪ್ಪಣ್ಣ, ಮಗಳು ಸೌಭಾಗ್ಯ, ನಾನು, ಮೂವರಾದೆವು. ಮರಿಗೆ ನೀರಿಟ್ಟು ಹೊರಟರೆ ಹತ್ತು ಗಂಟೆಗೆ ಇನ್ನೊಂದು ಬಸ್ಸಿದೆ.

ಎಸ್ತೇರ