ಕದದಾಚೆ ಅಮ್ಮ

೨೯ ಸೆಪ್ಟೆಂಬರ್ ೧೯೪೮, ತೂಬಗೆರೆ

ಇವತ್ತೂ ಕಾಂಟ್ರ್ಯಾಕ್ಟ್ ಆಕ್ಟ್. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆಗೆ ಅರ್ಧ ಮರೆತಿತ್ತು. ಗಟ್ಟಿಯಾಗಿ ಓದದಿದ್ದರೆ ನನ್ನ ತಲೆಗೆ ಹತ್ತುವುದಿಲ್ಲ. ಗಟ್ಟಿಯಾಗಿ ಓದಿದರೆ ಯಾರಾದರೂ ಕರೆದು ಕೆಲಸ ಹೇಳುತ್ತಾರೆ. ಅದಕ್ಕೇ ಕೊಟ್ಟಿಗೆಯ ಏಣಿ ಹತ್ತಿ ಅಣ್ಣನ ಕೋಣೆಯ ಅಟ್ಟ ಸೇರುವುದು.

ದಸರಾ ರಜೆ ಮುಗಿದ ಕೂಡಲೇ ಬೆಂಗಳೂರಿನಲ್ಲಿ ಟರ್ಮಿನಲ್ ಪರೀಕ್ಷೆ. ಅದರಲ್ಲಿ ಫೇಲಾದವರನ್ನು ಮೊದಲನೇ ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಅಪ್ಪ ಹೇಳಿಬಿಟ್ಟಿದ್ದಾರೆ — "ಫೇಲಾದ್ರೆ ಲಾ ಗೀ ಸಾಕು, ಬಂದು ನೇಗಿಲು ಹಿಡ್ಕೊ."

ಪುಸ್ತಕಗಳೆಲ್ಲ ಗೋಪಾಲಣ್ಣನವು. ಎರಡು ವರ್ಷದ ಹಿಂದೆ ಪುಣೆಯಲ್ಲಿ ಲಾ ಓದುತ್ತಿದ್ದಾಗ ಟೈಫಾಯ್ಡ್ ಆಗಿ ಹೋದ. ಮೊದಲನೇ ವರ್ಷವೂ ಮುಗಿದಿರಲಿಲ್ಲ. ದಹನ ಅಲ್ಲೇ ಆಯಿತು. ಟ್ರಂಕ್ ಮಾತ್ರ ಬಂತು. ಅಮ್ಮ ಅವನ ಮುಖವನ್ನೂ ನೋಡಲಿಲ್ಲ.

೨ ಅಕ್ಟೋಬರ್, ಮಹಾಲಯ ಅಮಾವಾಸ್ಯೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪ್ರತಿ ವರ್ಷದ ಹಾಗೆ ಹಿರಿಯರ ಎಡೆ ನಡುಮನೆಯಲ್ಲಿ ಎಂದುಕೊಂಡು ಅಟ್ಟದಲ್ಲಿ ಓದುತ್ತಿದ್ದೆ. ಯಾವಾಗ ನಿದ್ದೆ ಹತ್ತಿತೋ. ಅಷ್ಟರಲ್ಲಿ ಅಮ್ಮ ಕೆಳಗೆ ಅಣ್ಣನ ಕೋಣೆಯಲ್ಲೇ ಎಲೆ ಹಾಕಿ, ಕಜ್ಜಾಯ, ವಡೆ, ಕೋಳಿ ಸಾರು ಬಡಿಸಿ, ಕದ ಮುಚ್ಚಿ ಹೋಗಿದ್ದಾಳೆ. ಸತ್ತವರು ಬಂದು ಉಣ್ಣುವಾಗ ಯಾರೂ ನೋಡಬಾರದು. ಎಲ್ಲರೂ ಹೊರಗೆ ಕೂತು ಕಾಯಬೇಕು. ನಾನು ಎದ್ದವನೇ, ಹೊತ್ತು ಹೋಯಿತೆಂಬ ಗಾಬರಿಯಲ್ಲಿ, ಗಟ್ಟಿಯಾಗಿ ಓದಲು ಶುರುಮಾಡಿದೆ. ನನಗೆ ಇಂಗ್ಲಿಷ್ ಓದಲು ಕಲಿಸಿದವನೇ ಅಣ್ಣ. ಅವನದೇ ರಾಗ, ಅವನದೇ ಎಳೆತ.

ಕದದಾಚೆ ಅಮ್ಮ ಕಿರುಚಿದಳು. "ಏನಂದ್ರೆ, ಬನ್ನಿ ಇಲ್ಲಿ... ಗೋಪಾಲ ಬಂದವ್ನೆ! ಓದ್ತಾವ್ನೆ!"

ಉಸಿರು ಬಿಗಿಹಿಡಿದು ಏಣಿ ಇಳಿದೆ. ಸುತ್ತಿ ಬಂದೆ. ಅಮ್ಮ ಕದಕ್ಕೆ ಕೆನ್ನೆ ಒತ್ತಿ ಕೂತಿದ್ದಳು. ನನ್ನ ಕೈ ಹಿಡಿದು "ನಿಮ್ಮಣ್ಣ ಕಣೋ ಆಂಜಿನಿ" ಎಂದಳು. ನಾನು ಏನೂ ಹೇಳಲಿಲ್ಲ. ಎಷ್ಟೋ ದಿನದ ಮೇಲೆ ಅವಳು ಹೊಟ್ಟೆ ತುಂಬ ಉಂಡಳು.

೩ ಅಕ್ಟೋಬರ್

ಕೋಣೆಗೆ ಬೀಗ. ಪುಸ್ತಕಗಳು ಒಳಗೆ. ಅಮ್ಮನನ್ನು ಕೇಳಿದರೆ — "ಅವ್ನು ಓದೋವು ಕಣಪ್ಪ, ಕಿತ್ಕೋಬೇಡ. ನೀನ್ ಬೇರೆ ತಕ್ಕೊ."

ಬೇರೆ ಎಲ್ಲಿಂದ ತರಲಿ? ಕಾಲೇಜು ಲೈಬ್ರರಿಗೂ ರಜ. ಸಂಜೆ ಅಮ್ಮ ಕೋಣೆಯ ಮುಂದೆ ಚಾಪೆ ಹಾಕಿ ಕಾದಳು. ಒಳಗೆ ಸದ್ದಿಲ್ಲ. ಊಟ ಬಿಟ್ಟಳು.

೫ ಅಕ್ಟೋಬರ್

ಅಮ್ಮ ನಿನ್ನೆಯೂ ಉಣ್ಣಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಟ್ಟದಿಂದ ಕೋಣೆಗಿಳಿದೆ. ಪುಸ್ತಕ ಕದ್ದು ತರಲೆಂದೇ ಹೋದದ್ದು. ಕದದಾಚೆಯಿಂದ ಅಮ್ಮ ಮೆಲ್ಲಗೆ "ಬರಕ್ಕಿಲ್ವಾ ಮಗ?" ಎಂದಳು.

ಓದಿದೆ.

೯ ಅಕ್ಟೋಬರ್

ದಿನಾ ಇದೇ. ದೊಡ್ಡಬಳ್ಳಾಪುರದ ನರಸಿಂಹಯ್ಯ ವಕೀಲರ ಮನೆಗೆ ಪಾಠಕ್ಕೆಂದು ಹೇಳಿ ಹೊರಡುವುದು, ಕೊಟ್ಟಿಗೆಯಿಂದ ಒಳಗೆ ಸೇರುವುದು. ನಾಚಿಕೆಗೇಡು! ಆದರೆ ಓದು ಇಷ್ಟು ಚೆನ್ನಾಗಿ ಯಾವತ್ತೂ ತಲೆಗೆ ಹತ್ತಿರಲಿಲ್ಲ. ನಾನು ನಾನಾಗಿ ಓದುವಾಗ ಅಮ್ಮ ಒಂದು ದಿನ ಹತ್ತಿರ ಕೂತವಳಲ್ಲ. ಈಗ ಚಾಪೆ ಬಿಟ್ಟು ಏಳುವುದಿಲ್ಲ. ಹೊಟ್ಟೆ ಉರಿಯುತ್ತದೆ. ಸತ್ತವನ ಮೇಲೆ ಹೊಟ್ಟೆಕಿಚ್ಚು...

ಹದಿನೇಳನೇ ಸೆಕ್ಷನ್: ಸುಮ್ಮನಿರುವುದು ಮೋಸವಲ್ಲ, ಹೇಳಲೇಬೇಕಾದ ಸಂಬಂಧವಿದ್ದರೆ ಹೊರತು. ಉದಾಹರಣೆಗೆ, ಕುದುರೆ ಮಾರುವ ತಂದೆ, ಕೊಳ್ಳುವ ಮಗಳು. ತಾಯಿ-ಮಗನ ಉದಾಹರಣೆ ಇಲ್ಲ. ಹುಡುಕಿದೆ.

೧೨ ಅಕ್ಟೋಬರ್

ಏಣಿ ಇಳಿಯುತ್ತಿದ್ದೆ. ಕೆಳಗೆ ಅಪ್ಪ. ಬೈಯಲಿಲ್ಲ.

"ಮೊದಲ್ನೇ ದಿನ್ದಿಂದ ಗೊತ್ತು ಕಣ್ಲಾ."

"ಅಮ್ಮನಿಗೆ ಹೇಳ್ಬಿಡ್ತೀನಪ್ಪ."

"ಹೇಳಿ? ಇನ್ನೊಂದ್ಸಲ ಅವನ್ನ ಸಾಯಿಸ್ತೀಯಾ?" ಹಸುವಿಗೆ ಹುಲ್ಲು ಹಾಕುತ್ತಾ ನಿಂತರು. ಆಮೇಲೆ ನನ್ನ ಕಡೆ ನೋಡದೆ, "ನಂಗೂ ಕೇಳ್ಬೇಕು ಅನ್ಸುತ್ತೆ. ಓದು."

೧೬ ಅಕ್ಟೋಬರ್

ಹೊಲದ ಬದುವಿನಲ್ಲಿ ಒಬ್ಬನೇ ಕೂತು ನನ್ನ ಧಾಟಿಯಲ್ಲಿ ಓದಲು ನೋಡಿದೆ. ಅದು ಹೇಗಿತ್ತೆಂದು ನೆನಪಾಗಲಿಲ್ಲ. ಹೆದರಿಕೆಯಾಯಿತು.

೧೮ ಅಕ್ಟೋಬರ್, ಸಂಜೆ

ನಾಳೆ ಬೆಳಿಗ್ಗೆ ರೈಲು. ನಾಡಿದ್ದು ಪರೀಕ್ಷೆ. ಹೋಗುವ ಮೊದಲು ಹೇಳಿಯೇ ತೀರಬೇಕೆಂದು ಓದು ನಿಲ್ಲಿಸಿ ಕದದ ಹತ್ತಿರ ಹೋದೆ. ಅಮ್ಮನೇ ಮೊದಲು ಮಾತಾಡಿದಳು.

"ಗೋಪಾಲ, ನಾಳೆ ಆಂಜಿನಿ ಪರೀಕ್ಷೆಗೋಯ್ತಾನೆ. ಅವ್ನ್ ಕೈಲಾಗಕ್ಕಿಲ್ಲ ಕಣಪ್ಪ. ಈ ರಜದಾಗೆ ಒಂದಿನಾನೂ ಕೂತು ಓದಿದ್ದು ನಾನ್ ಕಾಣೆ. ನೀನೇ ಅವನ್ ಜೊತೆಗೋಗಿ ಬರ್ದ್ಬಿಡು. ನಿಂದೂ ಮುಗೀತದೆ, ಅವನ್ದೂ ಆಯ್ತದೆ. ಹ್ಞೂ ಅನ್ನು ಮಗ."

ಅಮ್ಮ ಅಳಲು ಶುರುಮಾಡಿದಳು.

"ಹ್ಞೂ" ಎಂದೆ. ಅಣ್ಣನ ದನಿಯೇ ಬಂತು. ನನಗೆ ತಡೆಯಲಾಗಲಿಲ್ಲ. ಕದ ಬಡಿದು ಕೂಗಿದೆ, "ಅಮ್ಮ, ಅಣ್ಣ ಅಲ್ಲ. ನಾನಮ್ಮ, ಆಂಜಿನಿ!"

ಅಳು ನಿಂತಿತು.

"ಆಂಜಿನಿ ಇಲ್ಲೆಲ್ಲವ್ನೆ? ವಕೀಲ್ರ ಮನೆಗೋಗವ್ನೆ. ನೀನ್ ಓದ್ಕೊ ಮಗ."

ಅಟ್ಟದಲ್ಲಿ ಕೂತು ಬರೆಯುತ್ತಿದ್ದೇನೆ. ಇಳಿದು, ಸುತ್ತಿ ಬಂದು, ಊಟಕ್ಕೆ ಕೂರಬೇಕು. ಅಮ್ಮ ತಟ್ಟೆ ಹಾಕುತ್ತಿದ್ದಾಳೆ. ಕೇಳುತ್ತಿದ್ದಾಳೆ — "ಆಂಜಿನಿ ಬಂದ್ನಾ?"

"ಇನ್ನೂ ಇಲ್ಲ." ಅಪ್ಪನ ದನಿ.

"ನಾನು" ಎಂದು ಬರೆದೆ, ಮುಂದಿನ ಮಾತು ಅಣ್ಣನ ದನಿಯಲ್ಲೇ ಬರುತ್ತಿದೆ.